ಜಾಲಂಧ್ರದ ಹಿಂದೆ ಸುಲ್ತಾನ, ಅಂಗಳದಲ್ಲಿ ನೂರು ನುಡಿ

16ನೇ ಶತಮಾನದ ಒಂದು ಬೆಳಗು. ಇಸ್ತಾಂಬುಲ್‌ನ ತೋಪ್‌ಕಪಿ ಅರಮನೆಯ ಎರಡನೇ ಅಂಗಳದಲ್ಲಿ ಬಿಸಿಲು ಏರುವ ಮೊದಲೇ ಜನ ನೆರೆದಿದ್ದಾರೆ. ಬಲಗಡೆ ಅಡುಗೆಮನೆಗಳ ಉದ್ದನೆಯ ಸಾಲು. ಎಡಗಡೆ ಗುಮ್ಮಟದ ಕೆಳಗೆ ದಿವಾನದ ಸಭಾಂಗಣ. ಆಟೊಮನ್ ಸಾಮ್ರಾಜ್ಯದ ಆಡಳಿತ ವಾರಕ್ಕೆ ನಾಲ್ಕು ದಿನ ಇಲ್ಲಿ ಕೂಡುತ್ತದೆ. ಮಹಾವಜೀರನ ಅಕ್ಕಪಕ್ಕದಲ್ಲಿ ಉಳಿದ ವಜೀರರು, ಯುರೋಪಿನ ಸೀಮೆಗೊಬ್ಬ ಅನಾತೋಲಿಯಾಕ್ಕೊಬ್ಬ ಎಂಬಂತೆ ಇಬ್ಬರು ಮುಖ್ಯ ನ್ಯಾಯಾಧೀಶರು, ಖಜಾನೆಯ ಅಧಿಕಾರಿ, ಫರ್ಮಾನುಗಳ ನೆತ್ತಿಯ ಮೇಲೆ ಸುಲ್ತಾನನ ತುಘ್ರಾ ಮುದ್ರೆ ಬರೆಯುವ ನಿಶಾಂಜಿ. ಹೊರಗೆ ಕಾದು ನಿಂತವರಲ್ಲಿ ಬಾಲ್ಕನ್ ಬೆಟ್ಟಗಳ ರೈತರಿದ್ದಾರೆ, ಅರ್ಮೇನಿಯನ್ ವ್ಯಾಪಾರಿಗಳಿದ್ದಾರೆ, ಅರಬ್ಬೀ ಆಡುವವರಿದ್ದಾರೆ. ಎಲ್ಲರ ಕೈಯಲ್ಲೂ ಅರ್ಜಿ. ಅನೇಕ ದೂರುಗಳು ಸಾಮ್ರಾಜ್ಯದ ಅಧಿಕಾರಿಗಳ ಮೇಲೇ.

ಸಭಾಂಗಣದ ಗೋಡೆಯಲ್ಲಿ ಎತ್ತರಕ್ಕೆ ಒಂದು ಜಾಲಂಧ್ರವಿದೆ. ಅದರ ಹಿಂದೆ ಕೂತು ಸುಲ್ತಾನ ಎಲ್ಲವನ್ನೂ ಕೇಳಬಹುದು. ಇಂದು ಇದ್ದಾನೋ ಇಲ್ಲವೋ, ಕೆಳಗೆ ಕೂತ ವಜೀರನಿಗೂ ಗೊತ್ತಾಗುವುದಿಲ್ಲ. ಕಟ್ಟಡದ ಮೇಲೆ ಎದ್ದಿರುವ ಗೋಪುರಕ್ಕೆ ನ್ಯಾಯಗೋಪುರವೆಂದೇ ಹೆಸರು. ದೊರೆ ಕಾಣದಿದ್ದರೂ ಅವನ ಕಿವಿ ಇಲ್ಲೇ ಇದೆ ಎಂಬ ನಂಬಿಕೆ ಬುಡಾದಿಂದ ಬಾಗ್ದಾದಿನವರೆಗೆ, ಕೈರೋದಿಂದ ಅಲ್ಜೀರ್ಸಿನವರೆಗೆ ಪ್ರಜೆಗಳಲ್ಲಿ ಉಳಿಯಬೇಕಿತ್ತು. ಇಷ್ಟು ಭಾಷೆ, ಇಷ್ಟು ದೇವರು, ಇಷ್ಟು ಪದ್ಧತಿಗಳ ನಾಡನ್ನು ಬರಿಯ ಕತ್ತಿಯಿಂದ ಶತಮಾನಗಟ್ಟಲೆ ಹಿಡಿದಿಡಲು ಆಗದು.

ಹಿಡಿದಿಟ್ಟದ್ದರಲ್ಲಿ ದಫ್ತರಗಳ ಪಾಲು ದೊಡ್ಡದು. ಹೊಸ ಸೀಮೆಯೊಂದು ಕೈಸೇರಿದರೆ ಸೈನ್ಯದ ಬೆನ್ನಿಗೇ ಲೆಕ್ಕಿಗರು ಹೊರಡುತ್ತಿದ್ದರು. ಹಳ್ಳಿ ಹಳ್ಳಿಗೆ ಹೋಗಿ ಮನೆಯ ಯಜಮಾನನ ಹೆಸರು, ಅವನ ಅಪ್ಪನ ಹೆಸರು, ಮದುವೆಯಾಗದ ಗಂಡಸರು, ಗೋಧಿ, ಬಾರ್ಲಿ, ಕುರಿ, ಜೇನುಗೂಡು, ನೀರಿನ ಗಿರಣಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ಆ ಹಳ್ಳಿಯ ಕಂದಾಯ ಯಾವ ಕುದುರೆ ಸವಾರನ ಜೀವನಕ್ಕೆ ಸಲ್ಲಬೇಕು, ಬದಲಿಗೆ ಅವನು ಯುದ್ಧಕ್ಕೆ ಎಷ್ಟು ಜನರನ್ನು ತರಬೇಕು ಎಂಬುದೂ ಅದರಿಂದಲೇ ನಿರ್ಧಾರವಾಗುತ್ತಿತ್ತು. ಸೀಮೆಗೊಂದು ಕಾನೂನಿನ ಪುಸ್ತಕ ಸಿದ್ಧವಾಗುತ್ತಿತ್ತು. ಅದರಲ್ಲಿ ಹಳೆಯ ರೂಢಿಗಳಿಗೆ ಅಚ್ಚರಿಪಡುವಷ್ಟು ಜಾಗವಿತ್ತು. ಪೂರ್ವ ಅನಾತೋಲಿಯಾವನ್ನು ಗೆದ್ದಾಗ ಅಲ್ಲಿ ಹಿಂದೆ ಆಳಿದ್ದ ಉಜುನ್ ಹಸನನ ತೆರಿಗೆ ಕಟ್ಟಳೆಗಳನ್ನು ಮೊದಮೊದಲು ಹಾಗೆಯೇ ಉಳಿಸಿಕೊಂಡರು. ಸರ್ಬಿಯಾದ ಬೆಳ್ಳಿ ಗಣಿಗಳಲ್ಲಿ ಜರ್ಮನ್ ಮೂಲದ ಗಣಿಗಾರರು ರೂಢಿಸಿದ್ದ ನಿಯಮಗಳಿದ್ದವು. ಅವನ್ನು ತುರ್ಕಿ ಭಾಷೆಗೆ ತಂದು ಸುಲ್ತಾನನ ಹೆಸರಿನಲ್ಲೇ ಜಾರಿ ಮಾಡಿದರು. ಬೆಳ್ಳಿ ನಿಲ್ಲದೆ ಬರಬೇಕಾದರೆ ಅದನ್ನು ತೆಗೆಯುವವರ ಪದ್ಧತಿ ಕೆಡಬಾರದು ಎಂಬ ವಿವೇಕ ಅದು.

ರಾಜಧಾನಿಯನ್ನೇ ನೋಡಿ. 1453ರಲ್ಲಿ ಎರಡನೇ ಮೆಹ್ಮದ್ ಗೆದ್ದಾಗ ಊರು ಅರ್ಧ ಪಾಳುಬಿದ್ದಿತ್ತು. ಅದನ್ನು ತುಂಬಲು ಅವನು ಮುಸ್ಲಿಮರನ್ನೂ ಗ್ರೀಕರನ್ನೂ ಅರ್ಮೇನಿಯನ್ನರನ್ನೂ ಯಹೂದಿಗಳನ್ನೂ ಕರೆಸಿದ. ಒಲ್ಲೆನೆಂದವರನ್ನು ಬಲವಂತದಿಂದ ತಂದು ನೆಲೆಗೊಳಿಸಿದ. 1454ರ ಜನವರಿಯಲ್ಲಿ ಗೆನ್ನಾದಿಯೋಸ್ ಎಂಬ ಪಂಡಿತ ಸನ್ಯಾಸಿ ಆರ್ಥೊಡಾಕ್ಸ್ ಕ್ರೈಸ್ತರ ಪೀಠವೇರಿದ. ರೋಮಿನ ಪೋಪ್ ಜೊತೆ ಕೂಡಿಕೆಯನ್ನು ಅವನು ಕಟುವಾಗಿ ವಿರೋಧಿಸಿದ್ದು ಸುಲ್ತಾನನಿಗೂ ಅನುಕೂಲವಾಗಿತ್ತು. 1477ರ ಎಣಿಕೆಯ ಹೊತ್ತಿಗೆ ಗಲಾಟಾ ಸೇರಿ ನಗರದಲ್ಲಿ 16,000ಕ್ಕೂ ಹೆಚ್ಚು ಮನೆಗಳಿದ್ದವು. ಮುಸ್ಲಿಮರವು ಸುಮಾರು 9,500, ಗ್ರೀಕರವು 3,700ರಷ್ಟು, ಯಹೂದಿಗಳವು 1,600ಕ್ಕೂ ಮೇಲೆ. 1492ರಲ್ಲಿ ಸ್ಪೇನ್ ಹೊರಹಾಕಿದ ಯಹೂದಿಗಳಿಗೂ ಸಾಮ್ರಾಜ್ಯದ ಬಂದರುಗಳು ತೆರೆದವು. ಸಲೋನಿಕಾದಲ್ಲಿ ನೆಲೆನಿಂತವರು ಮಗ್ಗ ಹೂಡಿ ಜಾನಿಸರಿ ಸೈನಿಕರಿಗೆ ಉಣ್ಣೆಬಟ್ಟೆ ನೇಯ್ದರು. ಅವರ ತೆರಿಗೆಯೂ ಆ ಬಟ್ಟೆಯ ರೂಪದಲ್ಲೇ ಸಂದಾಯವಾಯಿತು.

ಮದುವೆ, ಪೂಜೆ, ಶಾಲೆ, ದಾನಧರ್ಮ ಆಯಾ ಸಮುದಾಯದ ಕೈಯಲ್ಲೇ ಇದ್ದವು. ಇದಕ್ಕೆ ಎಲ್ಲ ಕಡೆ ಒಂದೇ ಅಚ್ಚಿನ ವ್ಯವಸ್ಥೆ ಇರಲಿಲ್ಲ. ಊರಿನಿಂದ ಊರಿಗೆ ಒಪ್ಪಂದ ಬೇರೆಯಾಗುತ್ತಿತ್ತು. ಆದರೆ ಇಸ್ಲಾಮಿ ನ್ಯಾಯಾಧೀಶನಾದ ಖಾಜಿಯ ಬಾಗಿಲು ಎಲ್ಲ ಕಡೆಯೂ ಎಲ್ಲರಿಗೂ ತೆರೆದಿತ್ತು. ಇಸ್ತಾಂಬುಲ್‌ನ ಎದುರು ದಡದ ಉಸ್ಕುದಾರಿನ ಖಾಜಿ ದಫ್ತರಗಳು 1513ರಿಂದ ಇಂದಿಗೂ ಉಳಿದಿವೆ. ಇಂಥ ಕಡತದ ಒಂದು ನಮೂದೆಂದರೆ ಕೆಲವೇ ಸಾಲು: ವಾದಿ, ಪ್ರತಿವಾದಿ, ತಂಟೆ, ತೀರ್ಪು, ತಾರೀಖು, ಕೊನೆಗೆ ಆಗ ಅಲ್ಲಿ ಹಾಜರಿದ್ದವರ ಹೆಸರುಗಳು. ಸಾಲ, ಬಾಡಿಗೆ, ತೋಟ ಮಾರಿದ್ದು, ಬಾವಿಯ ಜಗಳ. ಕ್ರೈಸ್ತ ವಿಧವೆಯರು ಆಸ್ತಿಯ ಪಾಲು ಕೇಳಿ ಇಲ್ಲಿಗೆ ಬರುತ್ತಿದ್ದರು. ಚರ್ಚ್ ಬಿಡುಗಡೆ ಕೊಡದ ಮದುವೆಗಳೂ ಇಲ್ಲಿಗೆ ಬರುತ್ತಿದ್ದವು. ಪಾದ್ರಿಗಳೂ ರಬ್ಬಿಗಳೂ ತಮ್ಮ ಜನಕ್ಕೆ ಹೋಗಬೇಡಿ ಎಂದು ಎಚ್ಚರಿಸಿದರೂ ಹೆಂಗಸರು ಹೋಗುತ್ತಲೇ ಇದ್ದರು. ಆಣೆ ಇಡುವ ಪ್ರಸಂಗ ಬಂದರೆ ಕ್ರೈಸ್ತನು ಯೇಸುವಿಗೆ ಸುವಾರ್ತೆಯನ್ನು ಇಳಿಸಿಕೊಟ್ಟ ದೇವರ ಮೇಲೆ, ಯಹೂದಿಯು ಮೋಶೆಗೆ ತೋರಾ ಕೊಟ್ಟ ದೇವರ ಮೇಲೆ ಆಣೆ ಇಡಬಹುದಿತ್ತು.

ಆದರೆ ಅದೇ ನ್ಯಾಯಪೀಠದ ಮುಂದೆ ಮುಸ್ಲಿಮನ ವಿರುದ್ಧ ಕ್ರೈಸ್ತನ ಸಾಕ್ಷ್ಯ ನಿಲ್ಲುತ್ತಿರಲಿಲ್ಲ. ಮುಸ್ಲಿಮೇತರ ಗಂಡಸರು ವರ್ಷವರ್ಷವೂ ಜೆಜಿಯಾ ಎಂಬ ತಲೆಗಂದಾಯ ಕಟ್ಟಬೇಕಿತ್ತು. ಹೊಸ ಚರ್ಚ್ ಕಟ್ಟಲು, ಗಂಟೆ ಬಾರಿಸಲು ನಿರ್ಬಂಧವಿತ್ತು. ಪ್ರಾರ್ಥನೆಗೆ ಕರೆಯಲು ಮರದ ಹಲಗೆಯನ್ನು ಬಡಿಯುತ್ತಿದ್ದರು. ಯಾರು ಯಾವ ಬಣ್ಣದ ಬಟ್ಟೆ ಉಡಬೇಕೆಂಬುದಕ್ಕೂ ಆಗಾಗ ಫರ್ಮಾನು ಹೊರಡುತ್ತಿತ್ತು. ಪ್ರತಿಯೊಬ್ಬರಿಗೂ ಒಂದು ಜಾಗ ಇತ್ತು. ಸಮನಾದ ಜಾಗ ಇರಲಿಲ್ಲ.

ಅತ್ಯಂತ ಕಠೋರವಾದದ್ದು ಕ್ರೈಸ್ತ ಮನೆಗಳ ಹುಡುಗರನ್ನೇ ಒಯ್ಯುವ ಮಕ್ಕಳ ತೆರಿಗೆ. 1558ರ 'ಸುಲೇಮಾನ್‌ನಾಮೆ' ಹಸ್ತಪ್ರತಿಯಲ್ಲಿ ಅದರದೊಂದು ಚಿತ್ರವಿದೆ. ಬಾಲ್ಕನ್ ಊರೊಂದರ ಬಯಲಿನಲ್ಲಿ ಕೆಂಪು ಬಟ್ಟೆ ತೊಟ್ಟ ಹುಡುಗರು ಸಾಲಾಗಿದ್ದಾರೆ. ಅಧಿಕಾರಿಯ ಮುಂದೆ ದಫ್ತರ ಬಿಚ್ಚಿದೆ. ಒಂದು ಬದಿಗೆ ಊರಿನ ಹೆಂಗಸರು, ಗಂಡಸರು. ಮಕ್ಕಳು ಇನ್ನು ಮುಸ್ಲಿಮರಾಗಿ, ಸುಲ್ತಾನನ ಆಳುಗಳಾಗಿ ಬೆಳೆಯಬೇಕು. ಹೀಗೆ ಒಯ್ದವರಲ್ಲಿ ಬೋಸ್ನಿಯಾದ ಸೊಕೊಲೊವಿಚಿ ಹಳ್ಳಿಯ ಹುಡುಗನೊಬ್ಬನಿದ್ದ. ಅವನೇ ಸೊಕೊಲ್ಲು ಮೆಹ್ಮದ್ ಪಾಷಾ. 1565ರಿಂದ 1579ರಲ್ಲಿ ಕೊಲೆಯಾಗುವವರೆಗೆ, ಮೂವರು ಸುಲ್ತಾನರ ಕೆಳಗೆ, ಅವನೇ ಮಹಾವಜೀರ. ಅದಕ್ಕೂ ಮೊದಲು, ಇನ್ನೂ ಬರಿಯ ವಜೀರನಾಗಿದ್ದ 1557ರಲ್ಲೇ ಪೆಚ್‌ನ ಸರ್ಬಿಯನ್ ಧರ್ಮಪೀಠ ಮತ್ತೆ ತೆರೆಯಿತು, ಅವನ ಬಂಧು ಮಕಾರಿಯೆ ಅದನ್ನೇರಿದ. ತನ್ನ ಸೀಮೆಯ ವಿಶೆಗ್ರಾದ್‌ನಲ್ಲಿ ದ್ರೀನಾ ನದಿಗೆ ಅಡ್ಡಲಾಗಿ ಮಹಾಶಿಲ್ಪಿ ಸಿನಾನ್‌ನಿಂದ ಅವನು ಕಟ್ಟಿಸಿದ ಕಲ್ಲಿನ ಸೇತುವೆ ಇಂದಿಗೂ ನಿಂತಿದೆ. ಆ ವೈಭವವನ್ನು ಮೆಚ್ಚುವಾಗ ಹೆಸರೇ ಉಳಿಯದ ಸಾವಿರಾರು ಹುಡುಗರ ತಾಯಂದಿರನ್ನು ಮರೆಯುವುದು ನನ್ನಿಂದಾಗದು.

ತನ್ನದೇ ಧರ್ಮದೊಳಗಿನ ಭಿನ್ನಮತವನ್ನು ಈ ಸಾಮ್ರಾಜ್ಯ ಇನ್ನೂ ಕಡಿಮೆ ಸಹಿಸಿತು. ಇರಾನಿನ ಷಾಗೆ ನಿಷ್ಠರೆಂಬ ಗುಮಾನಿಗೆ ಸಿಕ್ಕ ಅನಾತೋಲಿಯಾದ ಕಿಜಿಲ್‌ಬಾಷರು ಗಡಿಪಾರು, ಮರಣದಂಡನೆಗಳನ್ನು ಉಂಡರು. ಕ್ರೈಸ್ತನಿಗೆ ದಫ್ತರದಲ್ಲಿ ಒಂದು ಅಂಕಣವಿತ್ತು. ಅವರಿಗೆ ಅದೂ ಇರಲಿಲ್ಲ.

ಸಮನಾದ ಜಾಗದ ಮಾತು ಬಂದದ್ದು ಬಹಳ ತಡವಾಗಿ. ಎಲ್ಲ ಪ್ರಜೆಗಳ ಜೀವ, ಮಾನ, ಆಸ್ತಿಗೆ ರಕ್ಷಣೆ ಎಂದು 1839ರ ಗುಲ್‌ಹಾನೆ ಫರ್ಮಾನು ಸಾರಿತು. 1856ರದು ಸಮಾನತೆಯನ್ನು ಇನ್ನೂ ಬಿಡಿಸಿ ಹೇಳಿತು. ಅಷ್ಟರಲ್ಲಿ ರಾಷ್ಟ್ರೀಯತೆಯ ಬೆಂಕಿ ಎಲ್ಲೆಡೆ ಹಬ್ಬಿತ್ತು. 1915ರಲ್ಲಿ ಲಕ್ಷಾಂತರ ಅರ್ಮೇನಿಯನ್ನರನ್ನು ಅವರು ಬಾಳಿದ ನೆಲದಿಂದಲೇ ಅಳಿಸಿಹಾಕಲಾಯಿತು. 1923ರಲ್ಲಿ ಗ್ರೀಸ್ ಮತ್ತು ತುರ್ಕಿ ಜನರನ್ನು ಅದಲುಬದಲು ಮಾಡಿಕೊಳ್ಳಲು ಒಪ್ಪಿದಾಗ ಅಳತೆಗೋಲಾದದ್ದು ಧರ್ಮ ಒಂದೇ. ಮನೆಮಾತು ತುರ್ಕಿಯೇ ಆಗಿದ್ದ ಅನಾತೋಲಿಯಾದ ಕ್ರೈಸ್ತರನ್ನು ಗ್ರೀಸಿಗೆ ಕಳಿಸಿದರು. ಗ್ರೀಕ್ ಮಾತಾಡುತ್ತಿದ್ದ ಕ್ರೀಟ್ ದ್ವೀಪದ ಮುಸ್ಲಿಮರನ್ನು ತುರ್ಕಿಗೆ ಸಾಗಿಸಿದರು.

ಆಟೊಮನ್ ಲೆಕ್ಕಿಗ ಜನರನ್ನು ಧರ್ಮದ ಅಂಕಣಗಳಲ್ಲಿ ಬರೆದದ್ದು ಅವರನ್ನು ಅವರಷ್ಟಕ್ಕೆ ಬಾಳಗೊಟ್ಟು ಕಂದಾಯ ಪಡೆಯಲು. ಆ ಏರ್ಪಾಡು ಅನೇಕ ಭಾಷೆಗಳನ್ನು, ಮಠಗಳನ್ನು, ಮನೆತನಗಳನ್ನು ಶತಮಾನಗಳ ಕಾಲ ಕಾಪಾಡಿತು. ಅದೇ ಕಾಲದ ಯುರೋಪಿನಲ್ಲಿ ಇಂಥ ಆಶ್ರಯ ಅಪರೂಪ ಎಂಬ ಗೌರವ ಅದಕ್ಕೆ ಸಲ್ಲಲೇಬೇಕು. ಆದರೆ ಮನುಷ್ಯನಿಗೆ ಸಿಗುವ ರಕ್ಷಣೆ ಅವನು ಯಾವ ಅಂಕಣದಲ್ಲಿದ್ದಾನೆ ಎಂಬುದರ ಮೇಲೆ ನಿಂತಿದ್ದರೆ, ಆಳುವವರ ಮನಸ್ಸು ಕೆಟ್ಟ ದಿನ ಆ ಗೆರೆಯ ಗುಂಟವೇ ಜನರನ್ನು ಕತ್ತರಿಸಬಹುದು. ಹಲವು ಜನಗಳನ್ನು ಒಟ್ಟಿಗೆ ಆಳಲು ಹೊರಟ ಯಾವುದೇ ರಾಜ್ಯ ಇದನ್ನು ಆಟೊಮನ್ನರಿಂದ ಕಲಿಯಬೇಕು: ವೈವಿಧ್ಯಕ್ಕೆ ಜಾಗ ಕೊಡುವುದು ಅರ್ಧ ಕೆಲಸ, ಆ ಜಾಗಗಳನ್ನು ಸಮ ಮಾಡುವುದು ಉಳಿದರ್ಧ. ಆಟೊಮನ್ನರು ಮೊದಲನೆಯದನ್ನು ಬೇರೆಯವರಿಗಿಂತ ಬೇಗ ಮಾಡಿದರು, ಎರಡನೆಯದಕ್ಕೆ ಕೈಹಾಕುವಾಗ ಹೊತ್ತು ಮೀರಿತ್ತು.