ದೊಡ್ಡ ಕಂಪನಿಯ ನೌಕರಿ: ಲಾಭವೆಷ್ಟು, ಹಾನಿಯೆಷ್ಟು?

ನಮ್ಮ ಪರಿಚಿತರಾದ ಧಾರವಾಡದ ನಿವೃತ್ತ ಅಧಿಕಾರಿಯೊಬ್ಬರು ಈಚೆಗೆ ಒಂದು ಪತ್ರವನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮಲ್ಲಿಗೆ ಬಂದಿದ್ದರು. ಬೆಂಗಳೂರಿನ ದೊಡ್ಡ ಸಾಫ್ಟವೇರ ಕಂಪನಿಯೊಂದು ಅವರ ಮಗನಿಗೆ ಕಳಿಸಿದ ನೇಮಕದ ಪತ್ರವದು. ಓಣಿಯಲ್ಲಿ ಪೇಢೆ ಹಂಚಿ ಆಗಿತ್ತು. ಬೆಂಗಳೂರಿನಲ್ಲಿ ಒಂದು ಫ್ಲ್ಯಾಟಿಗೆ ಮುಂಗಡ ಕೊಡುವ ಮಾತು ನಡೆದಿತ್ತು. ಹುಡುಗನಿಗೆ ಕನ್ಯೆಯನ್ನು ನೋಡುವ ಮಾತೂ ಅದರ ಹಿಂದೆಯೇ ಬಂದಿತ್ತು. ಅವರು ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: "ಇದು ಸರಕಾರಿ ನೌಕರಿಯಷ್ಟು ಗಟ್ಟಿ ಹೌದೋ ಅಲ್ಲವೋ, ಹೇಳಿರಿ."

ಈ ಪ್ರಶ್ನೆಯು ಅವರೊಬ್ಬರದೇ ಅಲ್ಲ. ಗದಗ, ಹಾವೇರಿ, ದಾವಣಗೆರೆ, ಶಿವಮೊಗ್ಗೆಗಳಲ್ಲಿ ಇಂಜಿನಿಯರಿಂಗ ಕಾಲೇಜಿಗೆ ಮಗನನ್ನಾಗಲಿ ಮಗಳನ್ನಾಗಲಿ ಕಳಿಸಿದ ಪ್ರತಿಯೊಂದು ಮನೆಯಲ್ಲಿಯೂ ಇದೇ ಪ್ರಶ್ನೆಯಿರುವದು. ಆದುದರಿಂದ ನಾವು ಅವರಿಗೆ ಹೇಳಿದ್ದನ್ನು ನಮ್ಮ ವಾಚಕರ ಮುಂದೆಯೂ ಇಡುವದು ಉಚಿತವೆಂದು ಭಾವಿಸುತ್ತೇವೆ.

ಮೊದಲು ಲಾಭದ ಮಾತು. ಅದನ್ನು ಕಡಿಮೆ ಮಾಡಿ ಹೇಳುವದು ನ್ಯಾಯವಲ್ಲ. ಸಣ್ಣ ಊರಿನ ಕಾಲೇಜಿನಿಂದ ಬಂದ ತರುಣನಿಗೆ ಕೆಲಸವನ್ನು ಕಲಿಸಿ, ಕಲಿಯುವ ಕಾಲಕ್ಕೂ ಪಗಾರ ಕೊಡುವ ಸಂಸ್ಥೆಗಳು ನಮ್ಮ ದೇಶದಲ್ಲಿ ಬಹಳವಿಲ್ಲ. ಮೈಸೂರಿನಲ್ಲಿ ಇನ್ಫೋಸಿಸ್ ಕಂಪನಿಯು ಕಟ್ಟಿದ ಶಿಕ್ಷಣಕೇಂದ್ರದಲ್ಲಿ ಸಾವಿರಾರು ಜನ ಹೊಸಬರು ಒಟ್ಟಿಗೆ ವಾಸಮಾಡಿ ತಿಂಗಳುಗಟ್ಟಲೆ ಪಾಠ ಕೇಳುವಷ್ಟು ವ್ಯವಸ್ಥೆಯಿದೆ. ಕಾಲೇಜಿನ ನಾಲ್ಕು ವರ್ಷಗಳಲ್ಲಿ ತಿಳಿಯದ್ದು ಅಲ್ಲಿ ನಾಲ್ಕು ತಿಂಗಳಲ್ಲಿ ತಿಳಿಯಿತೆಂದು ಹೇಳುವವರನ್ನು ನಾವು ಕಂಡಿದ್ದೇವೆ. ಇದು ಕಂಪನಿಗೆ ಭೂಷಣವಾದಷ್ಟೇ ನಮ್ಮ ಕಾಲೇಜುಗಳಿಗೆ ದೂಷಣವೆಂಬದನ್ನು ಸದ್ಯಕ್ಕೆ ಬಿಡೋಣ. ಪಗಾರವು ತಿಂಗಳ ಕೊನೆಗೆ ತಪ್ಪದೆ ಬರುವದು. ಭವಿಷ್ಯನಿಧಿಯ ವಂತಿಗೆಯು ಸಲ್ಲುವದು. ತಂದೆತಾಯಿಗಳ ಔಷಧೋಪಚಾರಕ್ಕೆ ವಿಮೆಯು ಬಹಳಕಡೆ ದೊರೆಯುವದು. 2017ರ ತಿದ್ದುಪಡಿಯಿಂದ ಹೆರಿಗೆಯ ರಜೆಯು 26 ವಾರಗಳಿಗೆ ಏರಿತು. 50 ಮತ್ತು ಅದಕ್ಕೂ ಹೆಚ್ಚು ಜನರು ದುಡಿಯುವಲ್ಲಿ ಶಿಶುಪಾಲನೆಯ ಸೌಕರ್ಯವಿರಬೇಕೆಂದೂ ವಿಧಿಯಾಯಿತು. ಇಂಥ ವಿಧಿಗಳನ್ನು ದೊಡ್ಡ ಕಂಪನಿಗಳು ತಮ್ಮ ಹೆಸರಿಗೆ ಅಂಜಿಯಾದರೂ ನಡೆಸುವವು. ಸಣ್ಣವು ಎಷ್ಟೋ ಸಲ ಓದಿಯೂ ನೋಡುವದಿಲ್ಲ.

ಸಣ್ಣ ಕಂಪನಿಗಳ ಪರಿಸ್ಥಿತಿಯು ಹೇಗಿರಬಹುದೆಂಬದಕ್ಕೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನಲ್ಲಿಯೇ ಹುಟ್ಟಿ, ಕ್ರಿಕೆಟ ಆಟಗಾರರ ಅಂಗಿಯ ಮೇಲೆ ತನ್ನ ಹೆಸರನ್ನು ಬರೆಯಿಸುವಷ್ಟು ಮೇಲಕ್ಕೇರಿದ ಬೈಜೂಸ್ ಕಂಪನಿಯಲ್ಲಿ 2024ರಲ್ಲಿ ಪಗಾರಗಳು ತಡವಾದವು. ಅದೇ ವರ್ಷ ಕಂಪನಿಯು ದಿವಾಳಿಯ ನ್ಯಾಯವಿಚಾರಣೆಗೆ ಒಳಗಾಯಿತು. ಹೊಸ ಉದ್ಯಮದಲ್ಲಿ ಒಬ್ಬನೇ ಹತ್ತು ಕೆಲಸಗಳನ್ನು ಮಾಡಿ ಹತ್ತು ವಿದ್ಯೆಗಳನ್ನು ಕಲಿಯುವನೆಂಬದು ನಿಜ. ಆದರೆ ಹನ್ನೊಂದನೆಯ ತಿಂಗಳ ಬಾಡಿಗೆಯನ್ನು ವಿದ್ಯೆಯಿಂದ ಕೊಡಲಾಗುವದಿಲ್ಲ.

ಇಷ್ಟನ್ನು ಹೇಳಿದ ಮೇಲೆ ನಾವು ಆ ಹಿರಿಯರ ಕೈಯಲ್ಲಿದ್ದ ಪತ್ರವನ್ನು ಅವರೊಡನೆ ಕುಳಿತು ಓದಿದೆವು. ವರ್ಷಕ್ಕೆ 3,60,000 ರೂಪಾಯಿ ಎಂದು ಅದರಲ್ಲಿ ಬರೆದಿತ್ತು. ತಿಂಗಳಿಗೆ ಮೂವತ್ತು ಸಾವಿರವೆಂದು ಅವರು ಲೆಕ್ಕ ಹಾಕಿದ್ದರು. ಆದರೆ ಆ ಸಂಖ್ಯೆಯು ಪಗಾರವಲ್ಲ. ನೌಕರನಿಗಾಗಿ ಕಂಪನಿಗೆ ತಗಲುವ ಒಟ್ಟು ವೆಚ್ಚ. ಭವಿಷ್ಯನಿಧಿಗೆ ಕಂಪನಿಯು ಸಲ್ಲಿಸುವ ಪಾಲು ಅದರಲ್ಲಿಯೇ ಸೇರಿದೆ. ಸಾಮಾನ್ಯವಾಗಿ ಐದು ವರ್ಷ ದುಡಿದ ಮೇಲೆಯೇ ಸಿಗತಕ್ಕ ಗ್ರ್ಯಾಚುಟಿಯ ಮೊಬಲಗೂ ಅದರಲ್ಲಿದೆ. ಕೆಲಸದ ಗುಣವನ್ನೂ ಕಂಪನಿಯ ಲಾಭವನ್ನೂ ನೋಡಿ ಕೊಡುವ, ಕೊಡದೆಯೂ ಇರಬಹುದಾದ ಭಾಗವೊಂದಿದೆ. ಇವೆಲ್ಲವನ್ನೂ ಕಳೆದು, ಹುಡುಗನ ಪಾಲಿನ ಕಡಿತಗಳನ್ನೂ ಕಳೆದರೆ ಕೈಗೆ ಬರುವದು ಇಪ್ಪತ್ತೈದು ಸಾವಿರದ ಆಚೀಚೆ. ನಲವತ್ತು ವರ್ಷ ಸರಕಾರದ ಲೆಕ್ಕಪತ್ರಗಳನ್ನು ನೋಡಿದ ಆ ಹಿರಿಯರು ಮಗನ ಪತ್ರವನ್ನು ಮಾತ್ರ ಎರಡನೆಯ ಪುಟದವರೆಗೆ ಓದಿರಲಿಲ್ಲ.

ಇದಕ್ಕಿಂತಲೂ ವಿಚಾರಮಾಡತಕ್ಕ ಸಂಗತಿಯೊಂದಿದೆ. ಇಂಥ ಸೇವಾ ಕಂಪನಿಗಳಲ್ಲಿ ಹೊಸಬರ ಸಾಮಾನ್ಯ ಪಗಾರವು 2010ರ ಸುಮಾರಿಗೆ ವರ್ಷಕ್ಕೆ ಮೂರು ಲಕ್ಷಕ್ಕೆ ಸ್ವಲ್ಪ ಮೇಲಿದ್ದದ್ದು, 2023ರಲ್ಲಿಯೂ ಮೂರೂವರೆ ಲಕ್ಷದ ಸುತ್ತಲೇ ತಿರುಗುತ್ತಿದ್ದಿತು. ಈ ನಡುವಿನ ಕಾಲದಲ್ಲಿ ಬೆಂಗಳೂರಿನ ಮನೆಬಾಡಿಗೆಯು ಏನಾಯಿತೆಂಬದನ್ನು ಅಲ್ಲಿ ಮಕ್ಕಳನ್ನಿಟ್ಟ ವಾಚಕರು ನಮಗಿಂತ ಚನ್ನಾಗಿ ಬಲ್ಲರು. ಇನ್ಫೋಸಿಸ್ ಕಂಪನಿಯು 1990ರ ದಶಕದಲ್ಲಿ ತನ್ನ ನೌಕರರಿಗೆ ಶೇರುಗಳನ್ನು ಹಂಚಿ, ಎಷ್ಟೋ ಸಾಮಾನ್ಯ ನೌಕರರು ಅದರಿಂದ ಶ್ರೀಮಂತರಾದ ಕಥೆಯು ಇಂದಿಗೂ ನಮ್ಮ ಜಗಲಿಗಳ ಮೇಲೆ ನಡೆಯುತ್ತದೆ. ಕಥೆಯು ಸುಳ್ಳಲ್ಲ, ಆದರೆ ಅದು ಬೆಳೆಯುವ ಸಸಿಯ ಕಥೆ. ಈಗ ಮೂರು ಲಕ್ಷ ಜನರು ದುಡಿಯುವ ಸಂಸ್ಥೆಯಲ್ಲಿ ನಿನ್ನೆ ಸೇರಿದ ಹುಡುಗನಿಗೆ ಅದೇ ಫಲವು ಬರುವದೆಂದು ನಂಬುವದು ಅಜ್ಜನ ಕಾಲದ ಮಳೆಯನ್ನು ನೆಚ್ಚಿ ಈ ವರ್ಷ ಬಿತ್ತಿದಂತೆ. ಗೂಗಲ್, ಮೈಕ್ರೋಸಾಫ್ಟ ಮೊದಲಾದ ಪರದೇಶದ ಕಂಪನಿಗಳ ಶಾಖೆಗಳಲ್ಲಿ ಪಗಾರವು ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಶೇರುಗಳೂ ಉಂಟು. ಆದರೆ ಶೇರುಗಳು ಸಾಮಾನ್ಯವಾಗಿ ನಾಲ್ಕು ವರ್ಷಗಳಲ್ಲಿ ಕಂತುಕಂತಾಗಿ ಕೈಸೇರುವವು. ನಡುವೆ ಬಿಟ್ಟವನಿಗೆ ಉಳಿದ ಕಂತುಗಳಿಲ್ಲ. ಅಲ್ಲಿಗೆ ಪ್ರವೇಶವು ದೊರೆಯುವದೂ ಕೆಲವರಿಗಷ್ಟೇ.

ಇನ್ನು ಕೆಲಸದ ಸ್ವರೂಪ. ದೊಡ್ಡ ಕಂಪನಿಯಲ್ಲಿ ಕೆಲಸವು ಸಾವಿರ ತುಂಡಾಗಿ ಒಡೆದಿರುವದು. ನಮಗೆ ಗೊತ್ತಿದ್ದ ತರುಣನೊಬ್ಬನು ಒಂಬತ್ತು ವರ್ಷ ಪರದೇಶದ ಬ್ಯಾಂಕೊಂದರ ಹಳೆಯ ಲೆಕ್ಕದ ಸಾಫ್ಟವೇರಿನಲ್ಲಿ ಒಂದೇ ಮೂಲೆಯನ್ನು ನೋಡಿಕೊಂಡನು. ಆ ಮೂಲೆಯಲ್ಲಿ ಅವನಿಗೆ ಸಮಾನರಿರಲಿಲ್ಲ. ಬಡ್ತಿ ಬಂದಿತು, "ಮ್ಯಾನೇಜರ" ಎಂಬ ಹೆಸರೂ ಬಂದಿತು. ಬ್ಯಾಂಕು ಆ ಸಾಫ್ಟವೇರನ್ನೇ ತೆಗೆದುಹಾಕಿದ ದಿನ ಅವನ ವಿದ್ಯೆಯೂ ಅದರೊಡನೆ ಹೋಯಿತು. ಕೆಲವು ತಿಂಗಳು ಅವನನ್ನು ಕೆಲಸವಿಲ್ಲದೆ ಕೂಡ್ರಿಸಿದರು. ಇದಕ್ಕೆ ಆ ಜನರು "ಬೆಂಚಿನ ಮೇಲಿರುವದು" ಎನ್ನುತ್ತಾರೆ. ಅನಂತರ ರಾಜೀನಾಮೆಯನ್ನು ಕೇಳಿದರು. ಹೊರಗೆ ಹೋಗಿ ಸಂದರ್ಶನ ಕೊಟ್ಟರೆ, ಅವನಿಗಿಂತ ಏಳೆಂಟು ವರ್ಷ ಕಿರಿಯರಾದವರು ಕೇಳಿದ ಪ್ರಶ್ನೆಗಳಿಗೆ ಅವನಲ್ಲಿ ಉತ್ತರವಿರಲಿಲ್ಲ. ಈಗ ಯಂತ್ರವೇ ಕ್ರಮವಿಧಿಯನ್ನು ಬರೆಯತೊಡಗಿದ ಮೇಲೆ ಇಂಥ ಮೂಲೆಗಳನ್ನು ಕಾಯುವವರ ಅವಸ್ಥೆಯು ಇನ್ನೂ ಸೂಕ್ಷ್ಮವಾಗಿದೆ.

ಇವನೊಬ್ಬನ ದುರ್ದೈವವೆನ್ನುವಂತಿಲ್ಲ. ನೌಕರಿಯು ಗಟ್ಟಿಯೆಂಬದಕ್ಕೆ ಜನರು ಎಲ್ಲಕ್ಕಿಂತ ಮೊದಲು ಬೊಟ್ಟುಮಾಡಿ ತೋರಿಸುತ್ತಿದ್ದ ಕಂಪನಿಯೆಂದರೆ ಟಾಟಾ ಕನ್ಸಲ್ಟನ್ಸಿ ಸರ್ವಿಸಸ್. 1968ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ 2025ರ ಮಾರ್ಚದಲ್ಲಿ ಆರು ಲಕ್ಷಕ್ಕೂ ಮಿಕ್ಕಿ ನೌಕರರಿದ್ದರು. ಅದೇ ವರ್ಷ ಜುಲೈ ತಿಂಗಳಲ್ಲಿ ಶೇಕಡಾ 2ರಷ್ಟು, ಅಂದರೆ ಸುಮಾರು 12,000 ಜನರನ್ನು ಕಡಿಮೆ ಮಾಡುವದಾಗಿ ಅದು ಪ್ರಕಟಿಸಿತು; ಅವರಲ್ಲಿ ಹೆಚ್ಚಿನವರು ನಡುವಿನ ಮತ್ತು ಮೇಲಿನ ದರ್ಜೆಯವರೆಂದೂ ತಿಳಿಸಿತು. 2023ರ ಜನವರಿಯಲ್ಲಿ ಗೂಗಲ್ ಕಂಪನಿಯು ಲೋಕದಾದ್ಯಂತ 12,000 ಜನರನ್ನು, ಮೈಕ್ರೋಸಾಫ್ಟ 10,000 ಜನರನ್ನು ತೆಗೆಯುವದಾಗಿ ಸಾರಿದ್ದವು. ಸರಕಾರಿ ನೌಕರಿಯಲ್ಲಿ ವಯಸ್ಸು ಏರಿದಂತೆ ನೆಲೆಯು ಗಟ್ಟಿಯಾಗುವದು. ಇಲ್ಲಿ ಪಗಾರ ಏರಿದಂತೆ ನೆಲೆಯು ತೆಳ್ಳಗಾಗುವದು. ಹಿರಿಯರ ಪ್ರಶ್ನೆಗೆ ನಮ್ಮ ಉತ್ತರದ ತಿರುಳು ಇದೇ ಆಗಿತ್ತು.

ಈ ತಿರುಳು ತಿಳಿಯದೆ ಮೊದಲನೆಯ ವರ್ಷವೇ ಇಪ್ಪತ್ತು ವರ್ಷದ ಸಾಲವನ್ನು ಎತ್ತುವದರಿಂದಲೇ ಅನರ್ಥವು ಹುಟ್ಟುವದು. 60 ಲಕ್ಷ ರೂಪಾಯಿಯ ಗೃಹಸಾಲಕ್ಕೆ ನೂರಕ್ಕೆ ಎಂಟೂವರೆಯಂತೆ ಬಡ್ಡಿ ಹಿಡಿದರೆ ಇಪ್ಪತ್ತು ವರ್ಷ ಪ್ರತಿತಿಂಗಳೂ ಸುಮಾರು 52,000 ರೂಪಾಯಿ ಕಟ್ಟಬೇಕು. ಇಪ್ಪತ್ತೈದು ಸಾವಿರ ತರುವ ಮಗನ ಕಂತನ್ನು ತಂದೆಯ ನಿವೃತ್ತಿವೇತನವು ತುಂಬಬೇಕಾಗುವದು. ಮುಂದೆ ಮಗನ ಪಗಾರವು ಏರಿದರೂ ಅವನ ಸ್ವಾತಂತ್ರ್ಯವು ಏರುವದಿಲ್ಲ. ಕೆಲಸವು ಒಗ್ಗದಿದ್ದರೂ ಬಿಡುವಂತಿಲ್ಲ. ರಾತ್ರಿ ಹನ್ನೊಂದಕ್ಕೆ ಅಮೇರಿಕೆಯ ಗಿರಾಕಿಯು ಕರೆದರೆ ಒಲ್ಲೆನೆನ್ನುವಂತಿಲ್ಲ. ಬೇರೆ ಕಡೆಗೆ ಹೋಗಬೇಕೆಂದರೆ ಬಹಳ ಕಂಪನಿಗಳಲ್ಲಿ 90 ದಿವಸಗಳ ಪೂರ್ವಸೂಚನೆ ಕೊಡಬೇಕು. ಹೊಸ ಧನಿಯು ಅಷ್ಟು ದಿನ ಕಾಯಲಾರನು.

ದುಡಿಯುವ ತಾಸುಗಳ ವಿಷಯ ಬಂದುದರಿಂದ ಒಂದು ಮಾತು. 2023ರ ಅಕ್ಟೋಬರದಲ್ಲಿ ಶ್ರೀ ಎನ್. ಆರ್. ನಾರಾಯಣ ಮೂರ್ತಿಯವರು ನಮ್ಮ ತರುಣರು ವಾರಕ್ಕೆ 70 ತಾಸು ದುಡಿಯಬೇಕೆಂದರು. ಅವರ ದುಡಿಮೆಯ ಬಗ್ಗೆ ನಮಗೆ ಆದರವಿದೆ. 1981ರಲ್ಲಿ ಅಲ್ಪ ಬಂಡವಲಿನಿಂದ ಕಂಪನಿಯನ್ನು ಕಟ್ಟಿದವರ ಮಾತದು. ಆದರೆ ತನ್ನ ಮನೆಯನ್ನು ತಾನೇ ಕಟ್ಟುವವನು ರಾತ್ರಿಯೂ ದುಡಿದಾನು. ಗೌಂಡಿಯಿಂದ ಅದನ್ನೇ ಬಯಸುವದಾದರೆ ಮನೆಯಲ್ಲಿ ಅವನಿಗೂ ಒಂದು ಕೋಣೆಯನ್ನು ಬರೆದುಕೊಡಬೇಡವೇ? 2024ರ ಜುಲೈದಲ್ಲಿ ಕರ್ನಾಟಕ ಸರಕಾರದ ಮುಂದೆ ದಿನದ ದುಡಿಮೆಯನ್ನು ಹನ್ನೆರಡು ತಾಸಿಗೂ ಮೀರಿಸಲು ಅವಕಾಶ ಕೊಡುವ ತಿದ್ದುಪಡಿಯ ಸಲಹೆಯು ಬಂದಾಗ, 2017ರಲ್ಲಿ ಸ್ಥಾಪಿತವಾದ ಐ.ಟಿ. ನೌಕರರ ಸಂಘವು ಅದನ್ನು ಬಲವಾಗಿ ವಿರೋಧಿಸಿತು. ಸಂಘವೆಂದರೆ ಮೂಗುಮುರಿಯುತ್ತಿದ್ದ ಸುಶಿಕ್ಷಿತರೂ ಆಗ ಅದರ ಕಡೆಗೆ ನೋಡಿದರು.

ಅಧಿಕಾರಿವರ್ಗದ ವಾಚಕರಿಗೆ ನಮ್ಮದೊಂದು ವಿಜ್ಞಾಪನೆಯಿದೆ. ನೌಕರಿಯ ನಿಬಂಧನೆಗಳನ್ನು ಸ್ಪಷ್ಟವಾಗಿ ಬರೆದಿಡಬೇಕೆಂಬ 1946ರ ಸ್ಥಾಯೀ ಆಜ್ಞೆಗಳ ಕಾಯದೆಯಿಂದ ನಮ್ಮ ಸರಕಾರವು ಈ ಉದ್ಯಮಕ್ಕೆ ವಿನಾಯಿತಿಯನ್ನು ಕೊಡುತ್ತ ಬಂದಿತು. 2014ರಲ್ಲಿ ಮಾತ್ರ ಆ ವಿನಾಯಿತಿಗೆ ನಿಬಂಧನೆಗಳನ್ನು ಹಚ್ಚಿದರು: ಹೆಂಗಸರ ದೂರುಗಳಿಗೆ ಆಂತರಿಕ ಸಮಿತಿಯಿರಬೇಕು, ಧನಿಯ ಮತ್ತು ನೌಕರರ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿರುವ ಕುಂದುಕೊರತೆಯ ಸಮಿತಿಯಿರಬೇಕು, ಯಾರನ್ನಾದರೂ ತೆಗೆದರೆ, ಅಮಾನತಿನಲ್ಲಿಟ್ಟರೆ, ಕೆಳಗಿಳಿಸಿದರೆ ಅದನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು, ಇಲಾಖೆಯು ಕೇಳಿದ ಮಾಹಿತಿಯನ್ನು ಕೊಡಬೇಕು. 2019ರಲ್ಲಿ ವಿನಾಯಿತಿಯು ಮತ್ತೆ ಐದು ವರ್ಷಕ್ಕೆ ಮುಂದುವರಿಯಿತು. 2025ರ ನವೆಂಬರ 21ರಿಂದ ಆ ಹಳೆಯ ಕಾಯದೆಯ ಸ್ಥಾನದಲ್ಲಿ ಔದ್ಯೋಗಿಕ ಸಂಬಂಧಗಳ ಸಂಹಿತೆಯು ಜಾರಿಗೆ ಬಂದಿದೆ. ಕಾಯದೆಯ ಹೆಸರು ಬದಲಾದರೂ ಮೂಲಪ್ರಶ್ನೆಯು ಬದಲಾಗಿಲ್ಲ: ರಾಜೀನಾಮೆಯೆಂಬ ಹೆಸರಿನಲ್ಲಿ ತೆಗೆದುಹಾಕಲ್ಪಟ್ಟವನ ಲೆಕ್ಕವನ್ನು ಯಾರು ಇಡುವರು? ತಾನಾಗಿ ಬಿಟ್ಟನೆಂದು ಬರೆದುಕೊಟ್ಟವನಿಗಾಗಿ ಯಾವ ಕಂಪನಿಯೂ ಇಲಾಖೆಗೆ ಸೂಚನೆ ಕಳಿಸುವದಿಲ್ಲ. ಕಂಪನಿಗಳಿಂದ ಬಂದ ಸೂಚನೆಗಳ ಸಂಖ್ಯೆಯನ್ನೂ ಅಲ್ಲಿ ರಾಜೀನಾಮೆಯಾದವರ ಸಂಖ್ಯೆಯನ್ನೂ ಇಲಾಖೆಯು ವರ್ಷಕ್ಕೊಮ್ಮೆ ಒಂದೇ ತಃಖ್ತೆಯಲ್ಲಿ ಪ್ರಕಟಿಸಿದರೆ, ನೇಮಕದ ಪತ್ರಗಳಲ್ಲಿ ತಿಳಿಯದ ಎಷ್ಟೋ ಸಂಗತಿಗಳು ತಂದೆತಾಯಿಗಳಿಗೆ ತಿಳಿದುಬರುವವು.

ಹಿರಿಯರಿಗೆ ನಾವು ಹುಡುಗನನ್ನು ಕಳಿಸಬೇಡಿರೆಂದು ಹೇಳಲಿಲ್ಲ. ಕಳಿಸಿರಿ ಎಂದೇ ಹೇಳಿದೆವು. ಮೂರು ನಾಲ್ಕು ವರ್ಷ ಅದು ಅವನಿಗೆ ಒಳ್ಳೆಯ ಶಾಲೆ; ಎರಡು ವರ್ಷಕ್ಕೊಮ್ಮೆಯಾದರೂ ಕೆಲಸದ ವಿಭಾಗವನ್ನು ಬದಲಿಸಿಕೊಳ್ಳಲಿ, ಆರು ತಿಂಗಳ ಖರ್ಚಿನಷ್ಟು ಹಣವನ್ನು ಮೊದಲು ಬ್ಯಾಂಕಿನಲ್ಲಿ ಕೂಡಿಡಲಿ, ಫ್ಲ್ಯಾಟಿನ ವಿಚಾರವು ಅದರ ಅನಂತರ ಬರಲಿ ಎಂದೆವು. ಅವರು ಪತ್ರವನ್ನು ಮಡಿಚಿಟ್ಟುಕೊಂಡು, ಎರಡನೆಯ ಪುಟವನ್ನು ಮಗನಿಗೂ ಓದಿಸುವೆನೆಂದು ಹೇಳಿ ಹೋದರು. ಮುಂಗಡದ ಹಣವು ಸದ್ಯ ಅವರ ಖಾತೆಯಲ್ಲಿಯೇ ಇದೆಯೆಂದು ತಿಳಿಯಿತು.