ಅಗ್ಗದ ಎಂಜಿನ್‌ನ ದುಬಾರಿ ಲೆಕ್ಕ

ಕಳೆದ ಮಾರ್ಚ್‌ನಲ್ಲಿ ಅಮೆರಿಕದ ಡೆಟ್ರಾಯಿಟ್ ಹತ್ತಿರವಿರುವ ಮಗಳ ಮನೆಗೆ ಹೋಗಿದ್ದೆ. ಮಗಳು, ಅಳಿಯ ಕೆಲಸಕ್ಕೆ ಹೋಗುತ್ತಿದ್ದರು, ಎಂಟನೇ ತರಗತಿಯ ಮೊಮ್ಮಗಳು ಶಾಲೆಗೆ. ನನಗೆ ಹೊತ್ತೇ ಹೋಗುತ್ತಿರಲಿಲ್ಲ. ಆ ಬೇಸರ ಕಳೆದದ್ದು ಪಕ್ಕದ ಮನೆಯ ಗ್ಯಾರೇಜಿನಲ್ಲಿ.

ಆ ಮನೆಯ ಯಜಮಾನರಿಗೆ 78 ವರ್ಷ. ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಒಂದು ದಿನ ನಮ್ಮಿಬ್ಬರನ್ನೂ ಕರೆದು, ದೂಳು ಹಿಡಿದ ಬಟ್ಟೆಯೊಂದನ್ನು ಸರಿಸಿದರು. ಕೆಳಗೆ 1969ರ ಶೆವರ್ಲೆ ಶೆವೆಲ್ ಮಾಲಿಬು ಕಾರು! ಉದ್ದ ಮೂತಿ, ಅಗಲ ಹೆಗಲು. ಮದುವೆಯಾದ ವರ್ಷ ಕೊಂಡದ್ದಂತೆ. ಪ್ರತಿ ಜೂನ್‌ನಲ್ಲೂ ಗಂಡ ಹೆಂಡತಿ ಅದರಲ್ಲಿ ಹ್ಯೂರನ್ ಸರೋವರದ ದಡಕ್ಕೆ ಹೋಗಿ ಬರುತ್ತಿದ್ದರು. ನಾಲ್ಕು ವರ್ಷದ ಹಿಂದೆ ಹೆಂಡತಿ ತೀರಿಕೊಂಡ ಮೇಲೆ ಕಾರು ನಿಂತೇ ಹೋಯಿತು.

"ತಪ್ಪು ನನ್ನದೇ. ರೇಡಿಯೇಟರಿಗೆ ಬರೀ ನಲ್ಲಿ ನೀರು ತುಂಬಿಸಿ ಮರೆತುಬಿಟ್ಟೆ" ಎಂದರು. ನೀರು ಹೆಪ್ಪುಗಟ್ಟಿದರೆ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಅಲ್ಲಿನ ಚಳಿಗೆ ಒಳಗಿನ ನೀರು ಮಂಜಾಗಿ ಹಿಗ್ಗಿ, ಎಂಜಿನ್‌ನ ಬೀಡುಕಬ್ಬಿಣದ ಒಡಲನ್ನೇ ಸೀಳಿತ್ತು. ಇನ್ನು ಬೇರೆ ಎಂಜಿನ್ ಕೂರಿಸದೆ ಗತಿಯಿಲ್ಲ.

"ಈ ಜೂನ್‌ನಲ್ಲಿ ಒಮ್ಮೆ ಇದರಲ್ಲೇ ಸರೋವರಕ್ಕೆ ಹೋಗಬೇಕು. ಮುಂದಿನ ವರ್ಷ ಲೈಸೆನ್ಸ್‌ಗೆ ನನ್ನ ಕಣ್ಣು ಒಪ್ಪುತ್ತದೋ ಇಲ್ಲವೋ" ಎಂದರು. ಕೈಯಲ್ಲಿದ್ದ ಹಣ 6,000 ಡಾಲರ್. ಒಂದು ಡಾಲರ್ ಹೆಚ್ಚಿಲ್ಲ.

ಮಕ್ಕಳೇ, ಇಂಥ ಕಾರುಗಳಿಗೆ ಅಮೆರಿಕದಲ್ಲಿ 'ಮಸಲ್ ಕಾರ್' ಎನ್ನುತ್ತಾರೆ. ಅಂದರೆ ಕಟ್ಟುಮಸ್ತಾದ ಕಾರು. ಇವುಗಳ ಕಥೆ ಶುರುವಾದದ್ದೇ ಒಂದು ರೀತಿಯ ಎಂಜಿನ್ ಬದಲಾವಣೆಯಿಂದ. 1964ರಲ್ಲಿ ಪಾಂಟಿಯಾಕ್ ವಿಭಾಗದ ಎಂಜಿನಿಯರುಗಳು ಟೆಂಪೆಸ್ಟ್ ಎಂಬ ಮಧ್ಯಮ ಗಾತ್ರದ ಕಾರಿಗೆ, ದೊಡ್ಡ ಕಾರುಗಳಿಗೆ ಬಳಸುತ್ತಿದ್ದ 6.4 ಲೀಟರಿನ ಎಂಜಿನ್ ಹಾಕಿದರು. ಅದೇ ಹೆಸರಾಂತ ಜಿಟಿಒ. ಆಮೇಲೆ ಎಲ್ಲ ಕಂಪನಿಗಳೂ ಪೈಪೋಟಿಗಿಳಿದವು. ಹೊಗೆ ನಿಯಂತ್ರಣದ ಕಾನೂನು, ಏರಿದ ವಿಮೆ ಕಂತು, 1973ರ ತೈಲ ಬಿಕ್ಕಟ್ಟು ಸೇರಿ ಆ ಭರಾಟೆಯನ್ನು ತಗ್ಗಿಸಿದವು.

ನಮ್ಮ ನೆರೆಯವರ ಕಾರಿನಲ್ಲಿದ್ದದ್ದು 307 ಘನ ಅಂಗುಲದ ಸಾಧಾರಣ ವಿ-8 ಎಂಜಿನ್. ನಾಲ್ಕು ನಾಲ್ಕು ಸಿಲಿಂಡರುಗಳ ಎರಡು ಸಾಲು 'ವಿ' ಅಕ್ಷರದಂತೆ ಓರೆಯಾಗಿ ನಿಂತಿರುವುದರಿಂದ ಆ ಹೆಸರು. 307 ಘನ ಅಂಗುಲವೆಂದರೆ ಸುಮಾರು 5 ಲೀಟರ್. ನಮ್ಮ ಮಾರುತಿ 800ರದ್ದು ಒಂದು ಲೀಟರೂ ಇರಲಿಲ್ಲ!

ಅವರ ಮುಂದೆ ಮೂರು ದಾರಿಗಳಿದ್ದವು. ಒಂದು, ಅದೇ ಕುಟುಂಬಕ್ಕೆ ಸೇರಿದ, ರಿಪೇರಿಯಾಗಿ ಹೊಸದರಂತಾದ 350 ಎಂಜಿನ್. ಎರಡು, ದೈತ್ಯ 454. ಮೂರು, ಗುಜರಿಗೆ ಬಂದ ಟ್ರಕ್ಕಿನಿಂದ ಬಿಚ್ಚಿದ, ಕಂಪ್ಯೂಟರ್ ನಿಯಂತ್ರಣದ 5.3 ಲೀಟರಿನ ಎಂಜಿನ್.

ಯಜಮಾನರ ಕಣ್ಣು 454ರ ಮೇಲೆ. 1970ರಲ್ಲಿ ಕಂಪನಿಯೇ ಶೆವೆಲ್‌ಗೆ ಅದನ್ನು ಕೂರಿಸಿ ಮಾರಿತ್ತು. "ಆಗ ಕೊಳ್ಳುವ ತಾಕತ್ತಿರಲಿಲ್ಲ" ಎಂದು ನಕ್ಕರು. ಮೊಮ್ಮಗಳಿಗೆ ಟ್ರಕ್ಕಿನದೇ ಇಷ್ಟ. "ಅಜ್ಜ, ಅದು 1,200 ಡಾಲರಿಗೆ ಸಿಗುತ್ತೆ. 350ಕ್ಕೆ 2,400! ಅರ್ಧಕ್ಕರ್ಧ ಉಳಿತಾಯ. ಚಳಿಯಲ್ಲೂ ತಕ್ಷಣ ಸ್ಟಾರ್ಟ್ ಆಗುತ್ತಂತೆ" ಎಂದಳು.

ನನಗೆ ಸಾಗರದ ಕಡೆಯಲ್ಲಿದ್ದ ನಮ್ಮಣ್ಣನ ಜೀಪು ನೆನಪಾಯಿತು. ಪೆಟ್ರೋಲ್ ಖರ್ಚು ತಾಳಲಾರದೆ ಮಲೆನಾಡಿನಲ್ಲಿ ಎಷ್ಟೋ ಜನ ಜೀಪಿಗೆ ಡೀಸೆಲ್ ಎಂಜಿನ್ ಹಾಕಿಸುತ್ತಿದ್ದರು. ಅಣ್ಣನೂ ಅಗ್ಗಕ್ಕೆ ಸಿಕ್ಕಿತೆಂದು ಒಂದನ್ನು ತಂದ. ಕೂರಿಸುವ ಪಟ್ಟಿ ಹೊಂದಲಿಲ್ಲ, ಬೆಸುಗೆ ಹಾಕಿಸಿದ. ರೇಡಿಯೇಟರ್ ಸಾಲದಾಯಿತು. ಭಾರಕ್ಕೆ ಮುಂದಿನ ಪ್ಲೇಟುಗಳು ಕುಗ್ಗಿದವು. ಆರ್‌ಸಿ ಪುಸ್ತಕದಲ್ಲಿ ಎಂಜಿನ್ ಬದಲಾವಣೆ ನಮೂದಿಸಲು ಆರ್‌ಟಿಒ ಕಚೇರಿಗೆ ಅಲೆದ. ಬ್ರೇಕಿಗೆ ಮಾತ್ರ ದುಡ್ಡು ಉಳಿಯಲಿಲ್ಲ. ಒಂದು ಮಳೆಗಾಲ ಘಾಟಿ ಇಳಿಯುವಾಗ ಜೀಪು ನಿಲ್ಲದೆ ಚರಂಡಿಗೆ ಹಾರಿತು. ಬದುಕಿದ್ದು ಪುಣ್ಯ.

ಇದನ್ನು ಹೇಳಿ, "ಎಂಜಿನ್‌ನ ಬೆಲೆ ಬರೆಯಬೇಡ ಪುಟ್ಟಿ. ಎಂಜಿನ್ ಕೇಳುವುದನ್ನೆಲ್ಲ ಬರೆ. ಮೊದಲ ಸಾಲಿನಲ್ಲಿ ಬ್ರೇಕ್ ಇರಲಿ" ಎಂದೆ. ಆ ಕಾರಿಗಿದ್ದದ್ದು ನಾಲ್ಕೂ ಚಕ್ರಕ್ಕೆ ಹಳೆಯ ಡ್ರಮ್ ಬ್ರೇಕು. ಮುಂದಕ್ಕೆ ಡಿಸ್ಕ್ ಬ್ರೇಕ್ ಹಾಕಲು 1,000 ಡಾಲರ್, ಅನಿರೀಕ್ಷಿತ ಖರ್ಚಿಗೆ ಇನ್ನೊಂದು 1,000. ಈ ಎರಡನ್ನೂ ಮುಟ್ಟುವಂತಿಲ್ಲ. ಅಂದರೆ ಎಂಜಿನ್‌ಗೆ ಉಳಿದದ್ದು 4,000.

ಮೊಮ್ಮಗಳು ಎರಡು ಶನಿವಾರ ಅಂಗಡಿಗಳಿಗೆ ಫೋನ್ ಮಾಡಿ ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದಳು.

ಟ್ರಕ್ಕಿನ ಎಂಜಿನ್ 1,200. ಕೂರಿಸುವ ಮೌಂಟ್ ಮತ್ತು ಬೇರೆ ಆಕಾರದ ಆಯಿಲ್ ಪ್ಯಾನ್ 400. ಹೆಚ್ಚು ಒತ್ತಡದಲ್ಲಿ ಪೆಟ್ರೋಲ್ ಕಳಿಸುವ ಪಂಪು, ಪೈಪು, ಟ್ಯಾಂಕು 700. ವೈರಿಂಗ್ ಬದಲಿಸಲು 600. ಸೈಲೆನ್ಸರ್ ಕೊಳವೆ 600. ರೇಡಿಯೇಟರ್, ಫ್ಯಾನು 500. ಗೇರ್‌ಬಾಕ್ಸ್ ಜೋಡಣೆ ಮತ್ತು ಡ್ರೈವ್ ಶಾಫ್ಟ್ 900. ಒಟ್ಟು 4,900!

350 ಎಂಜಿನ್ 2,400. ಗ್ಯಾಸ್ಕೆಟ್, ಹೋಸು, ಬೆಲ್ಟು, ಆಯಿಲ್ 300. ಕಾರ್ಬುರೇಟರ್ 400. ಸೈಲೆನ್ಸರ್ ರಿಪೇರಿ 300. ರೇಡಿಯೇಟರ್ 350. ಗೇರ್‌ಬಾಕ್ಸ್ ಪರೀಕ್ಷೆ 250. ಒಟ್ಟು 4,000. ಹಳೆಯ ಮೌಂಟಿನ ಮೇಲೇ ಕೂರುವುದರಿಂದ ಉಳಿದ ರಗಳೆಯೇ ಇಲ್ಲ.

454ಕ್ಕೆ ಎಂಜಿನ್ನೇ 4,500. ಸುಮಾರು 50 ಕಿಲೊ ಹೆಚ್ಚು ಭಾರ. ಸ್ಪ್ರಿಂಗು, ಗೇರ್‌ಬಾಕ್ಸು ಸೇರಿದರೆ 7,000 ದಾಟುತ್ತಿತ್ತು.

ಅಗ್ಗದ ಎಂಜಿನ್ 900 ಡಾಲರ್ ದುಬಾರಿಯಾಗಿತ್ತು! ಮೊಮ್ಮಗಳು ಮೂರು ಸಲ ಕೂಡಿ ನೋಡಿದಳು. ಆದರೂ ಯಜಮಾನರ ಮನಸ್ಸು ಎಳೆಯುತ್ತಿತ್ತು. "ಬ್ರೇಕ್ ಮುಂದಿನ ವರ್ಷ ಮಾಡಿಸಿದರಾಯಿತು, ಸ್ವಲ್ಪ ಸಾಲ ಮಾಡಿದರೆ 454 ಬರುತ್ತದೆ" ಎಂದರು.

ಮೊಮ್ಮಗಳು ಮೆಲ್ಲನೆ ಕೇಳಿದಳು: "ಸರೋವರಕ್ಕೆ ಹೋಗುವಾಗ ನೀವು ಎಷ್ಟು ವೇಗವಾಗಿ ಓಡಿಸುತ್ತಿದ್ದಿರಿ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಿಧಾನವಾಗಿಯೇ. ಅವಳಿಗೆ ಕಿಟಕಿ ಇಳಿಸಿಕೊಂಡು ಹೋಗುವುದು ಇಷ್ಟ" ಎಂದವರೇ 350ಕ್ಕೆ ಫೋನ್ ಮಾಡಿದರು.

ಏಪ್ರಿಲ್ ಕೊನೆಗೆ ಕೈಯಿಂದ ಒತ್ತುವ ಕ್ರೇನ್ ಬಾಡಿಗೆಗೆ ಬಂತು. ಅವರ ಹಳೆಯ ಸಹೋದ್ಯೋಗಿಗಳಿಬ್ಬರು ನೆರವಾದರು. ಸುಮಾರು 260 ಕಿಲೊ ತೂಗುವ ಎಂಜಿನ್ ಸರಪಳಿಯಲ್ಲಿ ತೂಗಾಡುತ್ತಾ ಮೇಲೆದ್ದಾಗ ನಾವೆಲ್ಲ ಉಸಿರು ಬಿಗಿಹಿಡಿದಿದ್ದೆವು. ಮೀಸಲಿಟ್ಟ ಹಣಕ್ಕೂ ಕೆಲಸ ಬಂತು. ಪೆಟ್ರೋಲ್ ಟ್ಯಾಂಕಿನ ಒಳಗೆಲ್ಲ ತುಕ್ಕು, ಹೊಸದಕ್ಕೆ 480. ಬ್ರೇಕಿನ ಕೊಳವೆಗಳೂ ತುಕ್ಕು ತಿಂದಿದ್ದವು, 300. ಕ್ರೇನ್ ಬಾಡಿಗೆ 90. ಡಿಸ್ಕ್ ಬ್ರೇಕ್ ಹಾಕುವ ನೆವದಿಂದ ಬಿಚ್ಚದಿದ್ದರೆ ಆ ಕೊಳವೆಗಳು ದಾರಿಯಲ್ಲೇ ಒಡೆಯುತ್ತಿದ್ದವೋ ಏನೋ.

ಸೀಳಿದ ಹಳೆಯ ಎಂಜಿನ್ನನ್ನು ಅವರು ಗುಜರಿಗೆ ಹಾಕಲಿಲ್ಲ. ಅದರ ಮೇಲೆ ಆ ಕಾರಿನದೇ ಸಂಖ್ಯೆ ಒತ್ತಿದೆ. ಹಳೆ ಕಾರು ಕೊಳ್ಳುವವರು ಆ ಎರಡು ಸಂಖ್ಯೆ ತಾಳೆಯಾಗುತ್ತವೆಯೇ ಎಂದು ನೋಡುತ್ತಾರೆ. "ಮಾರಲಿಕ್ಕಲ್ಲ. ಇಷ್ಟು ವರ್ಷ ನಮ್ಮನ್ನು ಹೊತ್ತದ್ದು, ಮೂಲೆಯಲ್ಲಿ ಇರಲಿ" ಎಂದರು.

ಜೂನ್ ಎರಡನೇ ಶನಿವಾರ ಬೆಳಿಗ್ಗೆ ಕೀಲಿ ತಿರುಗಿಸಿದರು. ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಎಂಜಿನ್ ಗುಡುಗಿತು. ರಸ್ತೆಯ ತುದಿಯವರೆಗೆ ಹೋಗಿ, ಅಲ್ಲಿ ಬ್ರೇಕ್ ಒತ್ತಿ ನಿಲ್ಲಿಸಿ, ಮತ್ತೆ ಮನೆ ಮುಂದೆ ಬಂದರು. ನನ್ನನ್ನೂ ಮೊಮ್ಮಗಳನ್ನೂ ಹಿಂದಿನ ಸೀಟಿಗೆ ಹತ್ತಿಸಿಕೊಂಡರು. ಮುಂದಿನ ಸೀಟು ಖಾಲಿ ಇತ್ತು. ಆ ಕಡೆಯ ಕಿಟಕಿಯನ್ನು ಅವರೇ ಪೂರ್ತಿ ಇಳಿಸಿದರು.

ಮೊಮ್ಮಗಳು ನೋಟ್‌ಬುಕ್ಕಿನ ಕೊನೆಯ ಸಾಲು ಬರೆದಳು: 'ಉಳಿದದ್ದು 130 ಡಾಲರ್. ಸರೋವರಕ್ಕೆ ಹೋಗಿ ಬರಲು ಪೆಟ್ರೋಲಿಗೆ.'