ಸೆರೆಮನೆಯ ಅನ್ನದ ಲೆಕ್ಕ

ಸೆರೆಮನೆಯ ಅನ್ನಕ್ಕೆ ಅಕ್ಕಿ ಎಲ್ಲಿಂದ ಬರುತ್ತದೆಂದು ನಾವು ವಿಚಾರಿಸುವುದೇ ಇಲ್ಲ. ಸಂವಿಧಾನದ ಏಳನೆಯ ಅನುಸೂಚಿಯಂತೆ ಸೆರೆಮನೆ ರಾಜ್ಯದ ಹೊಣೆ. ವಾರ್ಡರರ ಸಂಬಳದಿಂದ ಕೈದಿಯ ಊಟ, ಔಷಧ, ಬಟ್ಟೆಯವರೆಗೆ ವೆಚ್ಚವೆಲ್ಲ ಮುಖ್ಯವಾಗಿ ರಾಜ್ಯದ ಬೊಕ್ಕಸದ್ದು, ಎಂದರೆ ನಾವು ತೆತ್ತ ತೆರಿಗೆಯದು. ಕೈದಿಗಳಿಗಾಗಿ ಮಾಡುವ ವೆಚ್ಚದಲ್ಲಿ ಊಟದ್ದೇ ದೊಡ್ಡ ಪಾಲು.

ಉಣ್ಣುವವರಾದರೂ ಯಾರು? 2022ರ ಕೊನೆಗೆ ಭಾರತದ ಸೆರೆಮನೆಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು, ಅಪರಾಧವಿನ್ನೂ ಸಿದ್ಧವಾಗದವರು. ಇವರಲ್ಲಿ ಕೆಲವರಿಗೆ ನ್ಯಾಯಾಲಯ ಜಾಮೀನು ಕೊಟ್ಟಿದ್ದರೂ ಹಣ ಕಟ್ಟುವವರಿರುವುದಿಲ್ಲ. ಆ ಅಲ್ಪ ಮೊತ್ತವಿಲ್ಲದ ಬಡವನಿಗೆ ಬೊಕ್ಕಸವು ತಿಂಗಳುಗಟ್ಟಲೆ ಅನ್ನವಿಕ್ಕಿ ಕಾವಲಿಡುತ್ತದೆ. ಎಂಥ ಗೃಹಕೃತ್ಯವಿದು!

2023ರಲ್ಲಿ ಕೇಂದ್ರ ಸರ್ಕಾರ ಬಡ ಕೈದಿಗಳ ನೆರವಿಗೊಂದು ಯೋಜನೆ ತಂದಿತು. ಆಗ ಗೊತ್ತುಮಾಡಿದ್ದು ಜಾಮೀನಿಗೆ 40,000 ರೂಪಾಯಿವರೆಗೆ, ದಂಡಕ್ಕೆ 25,000ದವರೆಗೆ. ಹಣ ಕೇಂದ್ರದ್ದು, ಅರ್ಹರನ್ನು ಆರಿಸುವುದು ಜಿಲ್ಲೆಯ ಸಮಿತಿ.